ಆ ಹುಡುಗನ ಹೆಸರಿನ ದುಡ್ಡು

ಮೈಸೂರು

ಚಿ. ಮೇಘನಾಳಿಗೆ ನಿನ್ನ ತಾತ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಉಳಿದ ಸುದ್ದಿಯೆಲ್ಲ ಭಾನುವಾರದ ಫೋನಿನಲ್ಲಿ ನಿಮ್ಮಮ್ಮನಿಗೆ ಮುಟ್ಟಿದೆ. ನೀನು ಊದುವ ಆ ಸುರುಳಿ ಕೊಳವೆಯ ಹಿತ್ತಾಳೆ ವಾದ್ಯ, ಹಾರ್ನ್, ಅದರ ಶಿಬಿರಕ್ಕೆ ತೀರಿಹೋದ ಒಬ್ಬ ಹುಡುಗನ ಹೆಸರಿನ ವಿದ್ಯಾರ್ಥಿವೇತನ ಸಿಕ್ಕಿತು ಅಂತ ನಿನ್ನ ಕಾಗದದಲ್ಲಿ ಓದಿ ಖುಷಿಪಟ್ಟೆ. ಅದರ ಕೆಳಗೇ ಬರೆದಿದ್ದೀಯ: "ತಾತ, ಆ ಹುಡುಗ ಸತ್ತಿದ್ದಕ್ಕೆ ನನಗೆ ಈ ದುಡ್ಡು ಬಂತು ಅನ್ನಿಸುತ್ತೆ. ಅವನ ಅಪ್ಪ ಅಮ್ಮನ ಎದುರಿಗೇ ನುಡಿಸುವಾಗ ತಪ್ಪಿದರೆ?" ಅಲ್ಲಿಂದ ಮುಂದೆ ನೀನು ಬರೆದದ್ದು ಯಾವುದೂ ನನ್ನ ತಲೆಗೆ ಹೋಗಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಅದೇ ಸಾಲು ಓದಿದೆ.

ಹೈಸ್ಕೂಲಿನಲ್ಲಿ ತೀರಿಹೋದ ನಮ್ಮ ಮಗ ರಾಮುವಿನ ಹೆಸರಿಗೆ ದತ್ತಿ ಬಹುಮಾನ ಇಟ್ಟಿದ್ದೀವಲ್ಲ, ಅದರ ಹಿಂದುಮುಂದು ನಿನಗೆ ಗೊತ್ತು, ಬಿಡು. ಕೊಡುವವರಿಗೆ ಆವತ್ತು ಏನನ್ನಿಸುತ್ತದೆ ಅನ್ನುವುದಷ್ಟೇ ಹೇಳುತ್ತೇನೆ. ಗಣಿತದಲ್ಲಿ ಜಾಸ್ತಿ ನಂಬರ್ ತೆಗೆದ ಮಗು ವೇದಿಕೆ ಹತ್ತುತ್ತದೆ. ನಿಮ್ಮಜ್ಜಿ ಕವರ್ ಕೊಡುತ್ತಾಳೆ. ನಮ್ಮ ಮಗನ ಜಾಗದಲ್ಲಿ ಇವನು ನಿಂತ ಅಂತ ನಾವು ಯಾವತ್ತೂ ಅಂದುಕೊಂಡಿಲ್ಲ. ರಾಮುವಿನಷ್ಟು ಜಾಣನೇ ಅಂತ ಅಳೆದೂ ನೋಡಿಲ್ಲ. ಮೈಕಿನಲ್ಲಿ ಅವನ ಹೆಸರು ಕೂಗುತ್ತಾರಲ್ಲ, ಅದನ್ನು ಕೇಳೋಕೆ ಹೋಗುತ್ತೇವೆ. ಮನೆಯಲ್ಲಿ ನಾವಿಬ್ಬರೂ ಆ ಹೆಸರನ್ನು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ನನಗಿರುವ ಕೊರಗು ಬೇರೆ. ಕವರ್ ತಗೊಂಡ ಮಕ್ಕಳು ನಮಸ್ಕಾರ ಮಾಡಿ ಓಡಿಬಿಡುತ್ತವೆ. ಆಮೇಲೆ ಏನು ಓದಿದವು, ಎಲ್ಲಿದ್ದಾವೆ, ಒಂದೂ ತಿಳಿಯುವುದಿಲ್ಲ. ಒಂದು ವರ್ಷ ಅಜ್ಜಿ, ಆ ಹುಡುಗಿಯನ್ನು ಊಟಕ್ಕೆ ಕರೆಯೋಣ ಅಂದಳು. ಸುಮ್ನೆ ಯಾಕೆ, ಮಗು ಹೆದರಿಕೊಂಡೀತು ಅಂತ ನಾನೇ ಬೇಡ ಅಂದೆ. ಅವಳೂ ನಿನ್ನ ಹಾಗೇ ಏನೇನೋ ಅಂದುಕೊಂಡು ಮನೆಗೆ ಹೋಗಿದ್ದಳೋ ಏನೋ. ಕರೆದಿದ್ದರೆ ಚೆನ್ನಾಗಿತ್ತು.

ಸತ್ತಿದ್ದಕ್ಕೆ ಬಂತು ಅನ್ನುತ್ತೀಯ. ಕೊಟ್ಟವರು ಅವನ ಅಪ್ಪ ಅಮ್ಮ ಕಣೇ. ಆ ದುಡ್ಡಿನಲ್ಲಿ ಅವರು ಮನೆಗೆ ಬಣ್ಣ ಹೊಡೆಸಬಹುದಿತ್ತು, ಕಾರು ಕೊಳ್ಳಬಹುದಿತ್ತು. ಹಾರ್ನ್ ಊದುವ ಒಂದು ಮಗುವಿಗೆ ಕೊಡೋಣ ಅಂತ ಕೂತು ಯೋಚನೆ ಮಾಡಿ ಕೊಟ್ಟಿದ್ದಾರೆ. ನೀನು ಕಳಿಸಿದ ರೆಕಾರ್ಡಿಂಗ್ ಕೇಳಿ ಆರಿಸಿದ್ದಾರೆ. ನೀನಿಲ್ಲದಿದ್ದರೆ ಇನ್ನೊಂದು ಮಗು. ಆ ಹುಡುಗನಂತೂ ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಇನ್ನು ತಪ್ಪುವ ಮಾತು. ತಪ್ಪುತ್ತೀಯ. ಅರಮನೆಯ ಬ್ಯಾಂಡಿನಲ್ಲಿ ಹಾರ್ನ್ ಊದುತ್ತಿದ್ದ ನಿಮ್ಮ ಮುತ್ತಾತ ಮನೆಗೆ ಬಂದರೆ ಬರೀ ಇದೇ ಗೋಳು. ಬಿಚ್ಚಿ ಹಿಡಿದರೆ ಎಫ್ ಶ್ರುತಿಯ ಹಾರ್ನಿನ ಕೊಳವೆ ಸುಮಾರು 12 ಅಡಿ. ಅಷ್ಟುದ್ದದ ಕೊಳವೆಯಲ್ಲಿ ಮೇಲಿನ ಸ್ವರಗಳು ಒಂದರ ಪಕ್ಕ ಒಂದು ಒತ್ತಿಕೊಂಡೇ ಇರುತ್ತವೆ. ಬೆರಳು ಸರಿಯಾಗಿದ್ದರೂ ತುಟಿ ಕೂದಲೆಳೆಯಷ್ಟು ಜಾರಿದರೆ ಪಕ್ಕದ ಸ್ವರ ಹೊರಡುತ್ತದೆ. ಕ್ಲಾರಿನೆಟ್ಟಿನವರಿಗೆ ಈ ಕಷ್ಟವಿಲ್ಲ ಅಂತ ಅಪ್ಪನಿಗೆ ಕೊನೆಯವರೆಗೂ ಹೊಟ್ಟೆಕಿಚ್ಚು. ನನಗೆ ಆ ವಾದ್ಯ ಹಿಡಿಯುವ ಆಸೆ ಇತ್ತು. ಅಪ್ಪನ ಕಾಲ ಮುಗಿಯುವ ಹೊತ್ತಿಗೆ ಬ್ಯಾಂಡಿನ ಕೆಲಸದಲ್ಲಿ ಹೊಟ್ಟೆ ತುಂಬುವ ಹಾಗಿರಲಿಲ್ಲ, ನಾನು ಟೈಪಿಂಗ್ ಕಲಿತೆ. ಹೋಗಲಿ.

ನಾನು ಹೇಳಬೇಕೆಂದಿದ್ದು ಇದು. ಆ ಅಪ್ಪ ಅಮ್ಮ ವರ್ಷಗಟ್ಟಲೆ ಪಕ್ಕದ ಕೋಣೆಯಲ್ಲಿ ಕೂತು ಮಗನ ಒಡೆದ ಸ್ವರಗಳನ್ನು ಕೇಳಿದವರು. ನಿನ್ನದು ಒಂದೂ ಒಡೆಯದಿದ್ದರೇ ಅವರಿಗೆ ವಿಚಿತ್ರ ಅನ್ನಿಸೀತು.

ಅಪ್ಪ ಹೇಳುತ್ತಿದ್ದ ಇನ್ನೊಂದು ಸಂಗತಿ. 1950ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನಿಯ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳನ್ನು ಮೊದಲ ಸಲ ಹಾಡಿದರು. ಸ್ಟ್ರಾಸ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ಖರ್ಚಿಗೆ ಹೊಣೆ ನಿಂತವರು ನಮ್ಮ ಜಯಚಾಮರಾಜ ಒಡೆಯರು. ಅವರಿಗೆ ಅಲ್ಲಿಗೆ ಹೋಗಲಾಗಲಿಲ್ಲ, ರೆಕಾರ್ಡು ಮೈಸೂರಿಗೆ ಬಂತು. ಅದರಲ್ಲಿ 'ಸೆಪ್ಟೆಂಬರ್' ಅನ್ನುವ ಹಾಡು ಮುಗಿಯುವುದು ಹಾರ್ನಿನಲ್ಲಿ. ಸ್ಟ್ರಾಸನ ಅಪ್ಪ ಹಾರ್ನ್ ವಾದಕ, ಗೊತ್ತಲ್ವಾ? ಹಾಡಿಗೆ ನುಡಿಸಿದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದಲ್ಲಿ ಆಗ ಮೊದಲ ಹಾರ್ನ್, ಅಂದರೆ ಮುಖ್ಯ ಹಾರ್ನ್ ವಾದಕರ ಕುರ್ಚಿ, ಡೆನಿಸ್ ಬ್ರೈನ್ ಅವರದ್ದು. ನಿಮ್ಮ ಮುತ್ತಾತ ಇದನ್ನು ಹೇಳುವಾಗ ತಾವೇ ಊದಿದಷ್ಟು ಜಂಬ.

ಆ ಬ್ರೈನ್ 1957ರಲ್ಲಿ ಎಡಿನ್‌ಬರೋದಿಂದ ಮನೆಗೆ ಬರುವಾಗ ಕಾರು ಅಪಘಾತದಲ್ಲಿ ಹೋದರು. 36 ವರ್ಷ. ಅವರ ನೆನಪಿಗೆ ಫ್ರಾನ್ಸಿನ ರಚನೆಕಾರ ಪುಲಾಂಕ್ ಬರೆದ ಶೋಕಗೀತೆ 'ಎಲಿಜಿ'ಯನ್ನೇ ತಾನೇ ಈಗ ನಿನ್ನ ಟೀಚರ್ ಹೇಳಿಕೊಡುತ್ತಿರುವುದು? ಅದನ್ನು ಊದುವಾಗ ಬ್ರೈನ್ ಕುರ್ಚಿಯಲ್ಲಿ ಕೂತೆ ಅಂತ ನಿನಗೆ ಅನ್ನಿಸಿತಾ? ಇಲ್ಲ ತಾನೇ. ನೀನು ಹೋಗುವ ಶಿಬಿರವೂ ಅಷ್ಟೇ. ಅಮೆರಿಕದ ಮಿನ್ನೆಸೋಟ ಆರ್ಕೆಸ್ಟ್ರಾದಲ್ಲಿ ಹಾರ್ನ್ ಊದುತ್ತಿದ್ದ ಕೆಂಡಲ್ ಬೆಟ್ಸ್ 1995ರಲ್ಲಿ ಶುರುಮಾಡಿದ್ದು. 2016ರಲ್ಲಿ ಅವರು ತೀರಿಕೊಂಡರು, ಶಿಬಿರ ಅವರ ಹೆಸರಿನಲ್ಲೇ ನಡೆದುಕೊಂಡು ಬಂತು. ಹೋದವರ ಹೆಸರು ಉಳಿಯಿತು ಅಂತ ಅವರ ಕುರ್ಚಿ ಕಸಿದ ಹಾಗಲ್ಲ.

ಇಷ್ಟಾದ ಮೇಲೂ ರಾತ್ರಿ ನಿನಗೆ ಅದೇ ಯೋಚನೆ ಬಂದರೆ, ಶಿಬಿರಕ್ಕೆ ಮುಂಚೆ ಅವರಿಗೊಂದು ಸಣ್ಣ ಕಾಗದ ಹಾಕು. ಅಲ್ಲಿಯ ರೀತಿಗೆ ಹೊಂದುತ್ತದೋ ಇಲ್ಲವೋ, ಅಮ್ಮನನ್ನು ಕೇಳಿ ಮಾಡು. ಋಣ, ಉಪಕಾರ ಅಂತೆಲ್ಲ ಬರೆಯಬೇಡ. ಈಗ ಯಾವುದನ್ನು ಅಭ್ಯಾಸ ಮಾಡುತ್ತಿದ್ದೀಯ, ಯಾವ ಸಾಲು ಕೈಗೆ ಸಿಗುತ್ತಿಲ್ಲ, ಅಷ್ಟು ಬರೆದರೆ ಸಾಕು. ಅವರ ಹುಡುಗನಿಗೆ ಯಾವುದು ಇಷ್ಟ ಇತ್ತು ಅಂತ ಕೇಳು. ಕೇಳಿದರೆ ನೋವಾಗುತ್ತೆ ಅಂತ ಜನ ನಮ್ಮನ್ನು ಕೇಳುವುದೇ ಇಲ್ಲ. ಅವರು ಕಾರ್ಯಕ್ರಮಕ್ಕೆ ಬಂದರೆ ನೀನಾಗಿಯೇ ಹೋಗಿ ಮಾತಾಡಿಸು, ಓಡಿಹೋಗಬೇಡ.

ಬೇರೆ ಬುದ್ಧಿವಾದ ನನ್ನ ಹತ್ತಿರ ಜಾಸ್ತಿ ಇಲ್ಲ. ನ್ಯೂ ಹ್ಯಾಂಪ್‌ಶೈರ್ ಬೆಟ್ಟದಲ್ಲಿ ಜೂನ್ ರಾತ್ರಿ ಚಳಿ ಇರುತ್ತದೆ, ಸ್ವೆಟರ್ ಇಟ್ಟುಕೋ. ಎಲ್ಲರೂ ದಿನವಿಡೀ ಊದುತ್ತಾರೆ ಅಂತ ನೀನೂ ಊದಬೇಡ, ತುಟಿ ದಪ್ಪಗಾದರೆ ನಿಲ್ಲಿಸು. ಇದನ್ನೆಲ್ಲ ನಿನ್ನ ಟೀಚರ್ ನನಗಿಂತ ಚೆನ್ನಾಗಿ ಹೇಳಿರುತ್ತಾರೆ. ಅಜ್ಜಿ ಚಟ್ನಿಪುಡಿ ಕಳಿಸುತ್ತಾಳಂತೆ. ತಿಂದ ಮೇಲೆ ಬಾಯಿ ಮುಕ್ಕಳಿಸದೆ ಹಾರ್ನ್ ಮುಟ್ಟಬೇಡ, ಎಲ್ಲ ಕೊಳವೆಯೊಳಗೆ ಹೋಗುತ್ತದೆ.

ಇತಿ,
ತಾತ