ಕೆಲಸ ಕಳೆದುಕೊಂಡ ನಡುವಯಸ್ಕರಿಗೂ ತರಬೇತಿ ಬೇಕು

ಮಾನ್ಯರೇ,

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ದೀರ್ಘಕಾಲ ಗುಮಾಸ್ತನಾಗಿದ್ದ ನಾನು, ಸಿಬ್ಬಂದಿ ಕಡಿತದಿಂದಾಗಿ ಐವತ್ತು ದಾಟಿದ ಮೇಲೆ ಕೆಲಸ ಕಳೆದುಕೊಂಡೆ. ಈಗ ಮನೆಯ ಹಿತ್ತಿಲಿನಲ್ಲಿ ಕಾಳುಮೆಣಸಿನ ಸಸಿ ಬೆಳೆಸಿ ಮಾರುತ್ತಿದ್ದೇನೆ. ಬಳ್ಳಿಯ ಬುಡದಿಂದ ನೆಲದ ಮೇಲೆ ಹರಿಯುವ ಹಂಬುಗಳನ್ನು ಫೆಬ್ರುವರಿ, ಮಾರ್ಚ್‌ ತಿಂಗಳಲ್ಲಿ ಎರಡು ಮೂರು ಗೆಣ್ಣುಗಳಿರುವಂತೆ ಕತ್ತರಿಸಿ, ಮಣ್ಣು, ಮರಳು, ಗೊಬ್ಬರ ತುಂಬಿದ ಚೀಲಗಳಲ್ಲಿ ನೆರಳಿನಡಿ ಬೇರು ಬರಿಸಿದರೆ, ಮುಂಗಾರಿನ ಹೊತ್ತಿಗೆ ಅವು ತೋಟದ ಸಿಲ್ವರ್ ಓಕ್ ಮರಗಳ ಬುಡದಲ್ಲಿ ನೆಡಲು ಸಿದ್ಧವಾಗುತ್ತವೆ. ನಾನು ಹೆಚ್ಚಾಗಿ ಪಣಿಯೂರು-1 ತಳಿಯನ್ನೇ ಬೆಳೆಸುತ್ತೇನೆ. ಆದಾಯ ಹಿಂದಿನ ಸಂಬಳದಷ್ಟಿಲ್ಲ. ಆದರೆ ನಾನು ಕೊಟ್ಟ ಸಸಿ ಯಾರದೋ ತೋಟದಲ್ಲಿ ಮರವೇರಿರುವುದನ್ನು ಕಂಡಾಗ ಆಗುವ ತೃಪ್ತಿಯನ್ನು ಲೆಡ್ಜರ್ ಎಂದೂ ಕೊಟ್ಟಿರಲಿಲ್ಲ (ಮಕ್ಕಳನ್ನು ಓದಿಸಿದ್ದು ಆ ಲೆಡ್ಜರೇ ಎಂಬುದೂ ನಿಜ).

2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಕೆಲಸದಿಂದ ತೆಗೆಯಲಾದ ಕಾರ್ಮಿಕರಿಗೆ 15 ದಿನಗಳ ವೇತನಕ್ಕೆ ಸಮನಾದ ಮೊತ್ತವನ್ನು ಮರುಕೌಶಲ ನಿಧಿಯ ಮೂಲಕ ನೀಡಬೇಕೆನ್ನುತ್ತದೆ. ಹಣವೇನೋ ಸರಿ, ನಡುವಯಸ್ಸಿನವರು ಹೊಸ ಕಸುಬನ್ನು ಕಲಿಯಲು ಎಲ್ಲಿಗೆ ಹೋಗಬೇಕು? ನಾನು ಕಲಿತದ್ದು ಪರಿಚಯದ ಬೆಳೆಗಾರರೊಬ್ಬರ ಸೌಜನ್ಯದಿಂದ. ಎಲ್ಲರಿಗೂ ಆ ಅನುಕೂಲವಿರುವುದಿಲ್ಲ. ತೋಟಗಾರಿಕೆ ಇಲಾಖೆಯು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದ ನೆರವಿನೊಂದಿಗೆ, ವಯೋಮಿತಿಯಿಲ್ಲದೆ, ಪ್ರತಿ ಬೇಸಿಗೆಗೆ ಮುನ್ನ ಇಂಥವರಿಗಾಗಿಯೇ ಸಸ್ಯಾಭಿವೃದ್ಧಿ ತರಬೇತಿ ಏರ್ಪಡಿಸಬೇಕೆಂದು ಕೋರುತ್ತೇನೆ.

— ಓರ್ವ ಓದುಗ, ಚಿಕ್ಕಮಗಳೂರು