ಕತ್ತರಿ ತೊಳೆಯುವ ಕೈಗೂ ತರಬೇತಿ ಬೇಕು

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದ ವಾರ ನಿಮ್ಮ ಶಿಕ್ಷಣ ಪುಟದಲ್ಲಿ ಪ್ಯಾರಾಮೆಡಿಕಲ್ ಕೋರ್ಸುಗಳ ಪಟ್ಟಿ ಬಂದಿತ್ತು. ಕತ್ತರಿಸಿ ಪಕ್ಕದ ಮನೆಯ ಹುಡುಗಿಗೆ ಕೊಟ್ಟೆ. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಎಲ್ಲವೂ ಇದ್ದವು, ಸಿಎಸ್‌ಎಸ್‌ಡಿ, ಅಂದರೆ ಆಸ್ಪತ್ರೆಯ ಉಪಕರಣ ಶುದ್ಧೀಕರಣ ವಿಭಾಗದ ಕೋರ್ಸು ಮಾತ್ರ ಇರಲಿಲ್ಲ. ಇದು ನಿಮ್ಮ ವರದಿಗಾರರ ತಪ್ಪಲ್ಲ. ಆಪರೇಷನ್ನಿಗೆ ಬಳಸಿದ ಕತ್ತರಿ, ಫೋರ್ಸೆಪ್ಸ್, ಬಟ್ಟೆಗಳನ್ನೆಲ್ಲ ತೊಳೆದು, ನೋಡಿ, ಕಟ್ಟಿ, ಒಂದು ಕ್ರಿಮಿಯೂ ಉಳಿಯದಂತೆ ಮಾಡಿ ಮತ್ತೆ ಥಿಯೇಟರಿಗೆ ಕಳಿಸುವ ಆ ವಿಭಾಗದ ಕೆಲಸ ಓದಿ ಕಲಿಯುವಂಥದ್ದು ಎಂದು ನಮ್ಮ ಕಡೆ ಯಾರೂ ಎಣಿಸಿಯೇ ಇಲ್ಲ.

ಈ ಭಾಗದ ಆಸ್ಪತ್ರೆಗಳ ಆಪರೇಷನ್ ಥಿಯೇಟರುಗಳಲ್ಲಿ (ಓ.ಟಿ.) ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು ನಾನು. ಒಂದು ರಾತ್ರಿ ತುರ್ತು ಸಿಸೇರಿಯನ್ನಿಗೆಂದು ಉಪಕರಣಗಳ ಸೆಟ್ ಬಿಚ್ಚಿದಾಗ, ರಕ್ತನಾಳ ಹಿಡಿಯುವ ಒಂದು ಆರ್ಟರಿ ಫೋರ್ಸೆಪ್ಸಿನ ಕೀಲಿನಲ್ಲಿ ಹಿಂದಿನ ರೋಗಿಯ ರಕ್ತ ಒಣಗಿ ಕಂದಾಗಿ ಕೂತಿತ್ತು. ಇಡೀ ಸೆಟ್ ಬದಿಗಿಟ್ಟು ಬೇರೆ ಸೆಟ್ ತರಿಸಿದೆವು, ತಾಯಿ ಮಗು ಸುಖವಾಗಿ ಮನೆಗೆ ಹೋದರು. ಡ್ಯೂಟಿ ಮುಗಿದ ಮೇಲೆ ಆ ಸೆಟ್ ಕಟ್ಟಿದ ಹೆಣ್ಣುಮಗಳನ್ನು ಕರೆದು ಬೈದೆ. ಆಕೆ ಹೊರಗುತ್ತಿಗೆಯವಳು, ಹಿಂದಿನ ತಿಂಗಳವರೆಗೆ ವಾರ್ಡಿನಲ್ಲಿ ಕಸ ಹೊಡೆಯುತ್ತಿದ್ದವಳು. "ಟೇಪ್ ಕರ್ರಗ ಆಗ್ಯಾದಲ್ರೀ ಸಿಸ್ಟರ್, ಮತ್ತೇನು ತಪ್ಪಾತು?" ಎಂದು ಕೇಳಿದಳು. ಆಕೆಯ ಕಣ್ಣಲ್ಲಿ ನೀರಿತ್ತು. ಫೋರ್ಸೆಪ್ಸಿನ ಕೀಲು ಬಿಚ್ಚಿ ಬ್ರಷ್ ಹಾಕಬೇಕೆಂದು ಆಕೆಗೆ ಹೇಳಿಕೊಟ್ಟವರೇ ಇರಲಿಲ್ಲ. ಹಾಗೆ ಬೈದದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಸೆಟ್ಟಿನ ಮೇಲೆ ಅಂಟಿಸುವ ಟೇಪಿನ ಗೆರೆ ಕಪ್ಪಾದರೆ ಆ ಸೆಟ್ ಆಟೋಕ್ಲೇವಿನೊಳಗೆ, ಅಂದರೆ ಬಿಸಿ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರದೊಳಗೆ ಹೋಗಿ ಬಂದಿದೆ ಎಂದಷ್ಟೇ ಅರ್ಥ. ಒಳಗಿನ ಕೀಲಿಗೆ ಹಬೆ ಮುಟ್ಟಿತೇ ಎಂಬುದನ್ನು ಟೇಪು ಹೇಳಲಾರದು. ಜೋಳದ ಹಿಟ್ಟು ಒಣಗಿ ಹಿಡಿದ ಪರಾತವನ್ನು ನೆನೆಹಾಕಿ ತಿಕ್ಕದೆ ಒಲೆಯ ಮೇಲಿಟ್ಟರೆ ಹಿಟ್ಟು ಇನ್ನಷ್ಟು ಗಟ್ಟಿಯಾಗುತ್ತದಲ್ಲವೇ, ರಕ್ತವೂ ಹಾಗೆಯೇ. ಬೆಂದ ರಕ್ತದ ಪದರದಡಿ ಕ್ರಿಮಿ ಬೆಚ್ಚಗೆ ಉಳಿದೀತು. ಆದ್ದರಿಂದ ಈ ಕೆಲಸದ ಅರ್ಧ ಜೀವ ಯಂತ್ರದಲ್ಲಿಲ್ಲ, ತೊಳೆಯುವ ತೊಟ್ಟಿಯಲ್ಲಿದೆ. ಆಪರೇಷನ್ ಮುಗಿದ ಕೂಡಲೇ ಉಪಕರಣ ಒಣಗಲು ಬಿಡದೆ ಒದ್ದೆಯಾಗಿಡಬೇಕು. ಹಾಗೆಂದು ಸಲೈನಿನಲ್ಲಿ ಅದ್ದಿಟ್ಟರೆ ಉಪ್ಪು ಉಕ್ಕನ್ನು ತಿನ್ನುತ್ತದೆ. ಕಿಣ್ವದ ದ್ರಾವಣದಲ್ಲಿ ಎಷ್ಟು ಹೊತ್ತು ಇಡಬೇಕು, ಟೊಳ್ಳು ನಳಿಗೆಗಳ ಒಳಗೆ ಯಾವ ಅಳತೆಯ ಬ್ರಷ್ ಹೋಗಬೇಕು, ಭೂತಗನ್ನಡಿಯಲ್ಲಿ ಏನು ನೋಡಬೇಕು, ಇವೆಲ್ಲ ಕಲಿತರೆ ಮಾತ್ರ ಬರುವ ವಿದ್ಯೆ.

ಯಂತ್ರದ ವಿದ್ಯೆಯೂ ಚಿಕ್ಕದಲ್ಲ. ಹಳೆಯ ಆಟೋಕ್ಲೇವಿನಲ್ಲಿ ಕಟ್ಟಿದ ಸೆಟ್ಟಿಗೆ 121 ಡಿಗ್ರಿಯಲ್ಲಿ 30 ನಿಮಿಷ ಬೇಕು. ಗಾಳಿಯನ್ನು ಮೊದಲೇ ಹೀರಿ ತೆಗೆಯುವ ಹೊಸ ಯಂತ್ರದಲ್ಲಿ 134 ಡಿಗ್ರಿಗೆ ಮೂರು ನಾಲ್ಕು ನಿಮಿಷ ಸಾಕು. ಆದರೆ ಒಳಗೆ ಗಾಳಿ ಉಳಿದರೆ ಆ ಜಾಗಕ್ಕೆ ಹಬೆ ಹೋಗುವುದಿಲ್ಲ. ಅದಕ್ಕೇ ಹೊಸ ಯಂತ್ರಕ್ಕೆ ದಿನಾ ಬೆಳಿಗ್ಗೆ ಮೊದಲ ಲೋಡಿಗೆ ಮುಂಚೆ, ಗಾಳಿ ಪೂರ್ತಿ ಹೊರಹೋಗುತ್ತಿದೆಯೇ ಎಂದು ತೋರಿಸುವ ಬೋವಿ-ಡಿಕ್ ಪರೀಕ್ಷೆ ಮಾಡಬೇಕು. ಬಿಸಿಗೆ ಸುಲಭವಾಗಿ ಸಾಯದ ಒಂದು ಬ್ಯಾಕ್ಟೀರಿಯಾದ ಬೀಜಕಗಳನ್ನು ಲೋಡಿನ ಜೊತೆಗಿಟ್ಟು, ಅವು ಸತ್ತವೇ ಎಂದು ಆಗಾಗ ನೋಡಬೇಕು. ಒದ್ದೆಯಾಗಿ ಹೊರಬಂದ ಸೆಟ್ಟನ್ನು ಎಷ್ಟೇ ಅವಸರವಿದ್ದರೂ ಬಳಸಬಾರದು. ನಮ್ಮ ಕೊಳವೆಬಾವಿಗಳ ಸವಳು ನೀರಿನ ಕಾಟ ಬೇರೆ. ಮನೆಯ ಗೀಸರಿಗೆ ಹಿಡಿಯುವ ಬಿಳಿ ಪದರವೇ ಬಾಯ್ಲರಿಗೂ ಹಿಡಿಯುತ್ತದೆ, ಕತ್ತರಿಯ ಮೇಲೆ ಕಲೆಯಾಗಿ ಕೂರುತ್ತದೆ. ಶುದ್ಧೀಕರಿಸಿದ ನೀರನ್ನೇ ಹಾಕಬೇಕೆಂದು ಗೊತ್ತಿಲ್ಲದವರ ಕೈಗೆ ಹೋದರೆ ಎಷ್ಟು ಲಕ್ಷದ ಯಂತ್ರವಾದರೂ ಬಾಳಲಾರದು. ಬಿಸಿ ತಾಳದ ವಸ್ತುಗಳಿಗೆ ಬಳಸುವ ಎಥಿಲೀನ್ ಆಕ್ಸೈಡ್ ಅನಿಲವಂತೂ ಕ್ಯಾನ್ಸರ್ ತರುವಂಥದ್ದು. ತರಬೇತಿಯಿಲ್ಲದವರನ್ನು ಅದರ ಬಳಿ ನಿಲ್ಲಿಸುವುದು ಅವರ ಜೀವಕ್ಕೇ ಅನ್ಯಾಯ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಐವಿ ದ್ರಾವಣದ ಮೇಲೆ ಸಂಶಯ ಬಂತು. ಉಪಕರಣಗಳಿಗೂ ಆ ಸಾವುಗಳಿಗೂ ನಂಟು ಹಾಕುತ್ತಿಲ್ಲ, ದಯವಿಟ್ಟು ಯಾರೂ ಹಾಗೆ ಓದಿಕೊಳ್ಳಬಾರದು. ಬಾಟಲಿಯ ಮೇಲೆ ಬ್ಯಾಚ್ ಸಂಖ್ಯೆ ಇರುವುದರಿಂದ ಯಾವ ಬಾಟಲಿ ಎಲ್ಲಿಂದ ಬಂತು ಎಂದು ಹುಡುಕಲು ದಾರಿಯಿರುತ್ತದೆ. ಅದೇ ತಾಯಿಯ ಹೊಟ್ಟೆಗೆ ಹೋದ ಕತ್ತರಿಗೆ? ಯಾವ ಯಂತ್ರ, ಎಷ್ಟನೇ ಲೋಡ್, ಯಾವ ದಿನ, ಕಟ್ಟಿದವರು ಯಾರು ಎಂಬ ಚೀಟಿ ಪ್ರತಿ ಸೆಟ್ಟಿನ ಮೇಲಿದ್ದು, ಅದೇ ಸಂಖ್ಯೆ ರೋಗಿಯ ಕೇಸ್‌ಶೀಟಿಗೂ ಏರಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ. ಯಾಕೆ ಬರೆಯುತ್ತಿದ್ದೇನೆ ಎಂದು ತಿಳಿದು ಬರೆಯುವವರು ಬೇಕು, ಅಷ್ಟೇ.

ಅಮೆರಿಕದಲ್ಲಿ ಈ ಕೆಲಸಕ್ಕೆ ಪ್ರಮಾಣಪತ್ರವಿದೆ. ಪರೀಕ್ಷೆ ಪಾಸಾಗಬೇಕು, ಜೊತೆಗೆ 400 ಗಂಟೆ ಉಪಕರಣ ವಿಭಾಗದಲ್ಲಿ ಕೈಯಾರೆ ಕೆಲಸ ಮಾಡಿರಬೇಕು. ನ್ಯೂಯಾರ್ಕ್, ನ್ಯೂಜೆರ್ಸಿಯಂಥ ಕೆಲವು ರಾಜ್ಯಗಳು ಪ್ರಮಾಣಪತ್ರವನ್ನು ಕಾನೂನಿನಲ್ಲೇ ಕಡ್ಡಾಯ ಮಾಡಿವೆ. ಅವರ ಸಂಬಳ ಸೌಲಭ್ಯ ನಮಗೆ ಇಂದೇ ಬರಲಿಕ್ಕಿಲ್ಲ. ಆದರೆ ಆ 400 ಗಂಟೆಯನ್ನು ಕೊಡಲು ನಮ್ಮಲ್ಲಿ ಏನು ಕಡಿಮೆ? ಬಳ್ಳಾರಿಯಲ್ಲಿ 1961ರಿಂದ ವೈದ್ಯಕೀಯ ಕಾಲೇಜಿದೆ, ಜನರ ಬಾಯಲ್ಲಿ ಇಂದಿಗೂ ಅದು ವಿಮ್ಸೇ. ರಾಯಚೂರಿನಲ್ಲಿ ರಿಮ್ಸ್ ಇದೆ, ಕೊಪ್ಪಳದಲ್ಲಿ ಕಿಮ್ಸ್ ಇದೆ. ಮೂರೂ ಕಡೆ ದಿನಾ ಆಪರೇಷನ್ ನಡೆಯುತ್ತವೆ, ದಿನಾ ಸೆಟ್ ತೊಳೆಯಲೇಬೇಕು. ಪಾಠಕ್ಕೆ ಬೇರೆ ಕಟ್ಟಡವೇ ಬೇಡ.

ಪಿಯುಸಿ ಮುಗಿಸಿದವರಿಗೆ ಒಂದು ವರ್ಷದ ಕೋರ್ಸು ಆರಂಭಿಸಲಿ. ಪಾಠ ಕನ್ನಡದಲ್ಲಿರಲಿ, ಉಪಕರಣಗಳ ಹೆಸರು ಹೇಗೂ ಇಂಗ್ಲಿಷಿನಲ್ಲೇ ಬಾಯಿಗೆ ಬರುತ್ತವೆ. ಅದಕ್ಕೂ ಮೊದಲು, ಈಗಾಗಲೇ ತೊಟ್ಟಿಯ ಮುಂದೆ ವರ್ಷಗಟ್ಟಲೆ ನಿಂತ ಹೊರಗುತ್ತಿಗೆಯವರನ್ನು ಕೂರಿಸಿ ಕಲಿಸಬೇಕು. ಕೋರ್ಸು ಬಂತೆಂದು ಅವರನ್ನು ಹೊರಗೆ ಹಾಕಿದರೆ ನಾನು ಈ ಪತ್ರ ಬರೆದದ್ದೇ ತಪ್ಪಾಗುತ್ತದೆ. ಅವರಿಗೆ ಹೆಪಟೈಟಿಸ್ ಬಿ ಲಸಿಕೆ, ದಪ್ಪ ಗ್ಲೌಸು, ಮುಖದ ಗುರಾಣಿ ನಾಳೆಯಿಂದಲೇ ಸಿಗಬೇಕು. ರಕ್ತ ಮೆತ್ತಿದ ಚೂಪು ಉಪಕರಣಗಳನ್ನು ಮೊದಲು ಮುಟ್ಟುವ ಕೈ ಅವರದು.

ಕಲಿತವರಿಗೆ ಹುದ್ದೆಯೂ ಬೇಕು. ಸಹಾಯಕ, ತಂತ್ರಜ್ಞ, ಮೇಲ್ವಿಚಾರಕ ಎಂದು ಏರಲು ಮೆಟ್ಟಿಲಿಲ್ಲದಿದ್ದರೆ ಚುರುಕಾದವರು ನಿಲ್ಲುವುದಿಲ್ಲ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದ ಸ್ಥಳೀಯರಿಗೆ ಮೀಸಲಾತಿ ಇದೆ, ಆದರೆ ಇಲ್ಲದ ಹುದ್ದೆಗೆ ಮೀಸಲಾತಿ ಎಲ್ಲಿಂದ ಬರಬೇಕು? ಪ್ರತಿವರ್ಷ ಬೇಸಿಗೆಗೆ ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯಿಂದ ಗುಳೆ ಹೋಗುವ ಮನೆಗಳಲ್ಲಿ ಪಿಯುಸಿ ಓದಿದ ಮಕ್ಕಳೂ ಇದ್ದಾರೆ. ಬೆಂಗಳೂರಿನಲ್ಲಿ ಸಿಮೆಂಟು ಹೊರುವ ಕೈಗಳು ಅವು.

ನಿಮ್ಮ ಪತ್ರಿಕೆ ಮೂರೂ ಜಿಲ್ಲೆಯ ಕಾಲೇಜುಗಳ ನಿರ್ದೇಶಕರನ್ನು ಈ ಬಗ್ಗೆ ಕೇಳಿ ಬರೆಯಲಿ ಎಂದು ಕೋರುತ್ತೇನೆ. ಕಲಿಸುವವರಿಲ್ಲ ಎಂದು ಅವರು ಹೇಳಿದರೆ, ನನ್ನಂಥ ನಿವೃತ್ತ ಓ.ಟಿ. ಸಿಸ್ಟರ್‌ಗಳು ಊರೂರಲ್ಲಿ ಇದ್ದಾರೆಂದು ತಿಳಿಸಿ. ವಾರಕ್ಕೆ ಎರಡು ದಿನ ಬಂದು, ಕೀಲು ಬಿಚ್ಚಿ ಬ್ರಷ್ ಹಾಕುವುದರಿಂದ ಶುರುಮಾಡಿ ಕಲಿಸಲು ನಾನು ಸಿದ್ಧಳಿದ್ದೇನೆ.

ನಿವೃತ್ತ ಶುಶ್ರೂಷಾಧಿಕಾರಿ,
ರಾಯಚೂರು