ಶೈರರ್ ಪುಸ್ತಕಕ್ಕೆ ಹೆಗಲು ಕೊಟ್ಟವರಿಗೆ

ಪ್ರಕಾಶಕರು ಮೊನ್ನೆ ಫೋನ್ ಮಾಡಿ, "ಮೊದಲ ಮುದ್ರಣದ ಪ್ರತಿಗಳು ಮುಗಿದವು, ತಿದ್ದುಪಡಿಗಳಿದ್ದರೆ ಕಳಿಸಿ" ಎಂದರು. ವಿಲಿಯಂ ಶೈರರ್ ಎಂಬ ಅಮೆರಿಕದ ವಿದೇಶಿ ವರದಿಗಾರರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಯಾರು ಓದುತ್ತಾರೆ ಎಂಬ ಅಳುಕು ನಾಲ್ಕು ವರ್ಷ ನನ್ನನ್ನು ಬಿಟ್ಟಿರಲಿಲ್ಲ. ಓದಿದ ನಿಮಗೆಲ್ಲ ಮೊದಲ ನಮಸ್ಕಾರ.

ನನ್ನ ಕೆಲಸ ಹೋದ ವರ್ಷವೇ ಈ ಪುಸ್ತಕ ಶುರುವಾಯಿತು. ಇಪ್ಪತ್ತೆರಡು ವರ್ಷ ಸುದ್ದಿಮನೆಯಲ್ಲಿ ದುಡಿದವನು ಒಂದು ಸಂಜೆ ಮೇಜಿನ ಖಾನೆ ಖಾಲಿ ಮಾಡಿ ಮನೆಗೆ ಬಂದೆ. ಶೈರರ್ ಎಂದರೆ ಬಲ್ಲವರಿಗೆ ನೆನಪಾಗುವುದು ಬರ್ಲಿನ್. 1940ರ ಜೂನ್ 22ರಂದು, ಫ್ರಾನ್ಸ್ ಜರ್ಮನಿಯೊಂದಿಗೆ ಕದನವಿರಾಮಕ್ಕೆ ಸಹಿ ಹಾಕಿದ ಸುದ್ದಿಯನ್ನು ಫ್ರಾನ್ಸಿನ ಕಾಂಪಿಯೆನ್ ಕಾಡಿನಿಂದ ಎಲ್ಲರಿಗಿಂತ ಮೊದಲು ಅಮೆರಿಕಕ್ಕೆ ಮುಟ್ಟಿಸಿದವರು ಅವರು. ಅದೇ ಡಿಸೆಂಬರ್‌ನಲ್ಲಿ ದಿನಚರಿಯ ಹಾಳೆಗಳನ್ನು ಬಚ್ಚಿಟ್ಟುಕೊಂಡು ಜರ್ಮನಿ ಬಿಟ್ಟರು. ಮರುವರ್ಷ 'ಬರ್ಲಿನ್ ಡೈರಿ' ಬಂತು, ಹೆಸರೂ ಬಂತು.

ನನ್ನನ್ನು ಹಿಡಿದು ಕೂರಿಸಿದ್ದು ಅದಕ್ಕಿಂತ ಆಮೇಲಿನ ವರ್ಷಗಳು. 1947ರಲ್ಲಿ, ಅವರು ದುಡಿಯುತ್ತಿದ್ದ ಅಮೆರಿಕದ ಸಿಬಿಎಸ್ ರೇಡಿಯೊದ ನಂಟು ಕಡಿದುಹೋಯಿತು. 1950ರಲ್ಲಿ 'ರೆಡ್ ಚಾನೆಲ್ಸ್' ಎಂಬ ಪುಸ್ತಿಕೆ ಕಮ್ಯುನಿಸ್ಟರ ಒಲವುಳ್ಳವರೆಂದು ಹೆಸರಿಸಿದವರಲ್ಲಿ ಅವರೂ ಇದ್ದರು. ಅಲ್ಲಿಗೆ ರೇಡಿಯೊದ ಬಾಗಿಲು ಮುಚ್ಚಿತು. ಆ ಮನುಷ್ಯ ಕಾಲೇಜುಗಳಲ್ಲಿ ಉಪನ್ಯಾಸ ಮಾಡಿ ಮನೆ ನಡೆಸಿದರು. ಯುದ್ಧದಲ್ಲಿ ವಶಪಡಿಸಿಕೊಂಡ ನಾಜಿ ಸರ್ಕಾರದ ಕಡತಗಳ ರಾಶಿಯೊಳಗೆ ಇಳಿದರು. 1960ರಲ್ಲಿ 'ದಿ ರೈಸ್ ಆ್ಯಂಡ್ ಫಾಲ್ ಆಫ್ ದಿ ಥರ್ಡ್ ರೈಕ್' ಎಂಬ ನಾಜಿ ಜರ್ಮನಿಯ ಇತಿಹಾಸ ಹೊರಬಂದಾಗ ಅವರಿಗೆ 56 ವರ್ಷ. ಪುಟಗಳು 1,200ಕ್ಕೂ ಹೆಚ್ಚು. ಮುಂಜಾನೆ ಎದ್ದು ಹೋಗಲು ಕಚೇರಿಯಿಲ್ಲದ ದಿನಗಳಲ್ಲಿ ಆ ಅಂಕಿಗಳನ್ನು ನಾನು ಎಷ್ಟು ಸಲ ನೆನೆದಿದ್ದೇನೋ! ನನ್ನ ಬರವಣಿಗೆಗೂ ಅವರದ್ದಕ್ಕೂ ಹೋಲಿಕೆಯಿಲ್ಲ. ಧೈರ್ಯವನ್ನಂತೂ ಅವರಿಂದಲೇ ಪಡೆದೆ.

ಗಾಂಧೀಜಿಯವರ ಕುರಿತ ಅವರ ನೆನಪುಗಳ ಪುಸ್ತಕವನ್ನು ಹುಡುಕಿಕೊಟ್ಟ ಗ್ರಂಥಪಾಲಕರಿಗೆ ನಾನು ಋಣಿ. 1931ರಲ್ಲಿ ಎಳೆಯ ವರದಿಗಾರನಾಗಿ ಭಾರತದಲ್ಲಿ ಕಂಡದ್ದನ್ನು ಶೈರರ್ ಪುಸ್ತಕವಾಗಿಸಿದ್ದು 1979ರಲ್ಲಿ. ಅಷ್ಟು ಕಾಲ ಮಾಗಿದ ನೆನಪಿನಲ್ಲಿ ಪತ್ರಿಕೆಯ ಅವಸರವಿಲ್ಲ, ಪ್ರೀತಿಯಿದೆ. ನನ್ನ ಅಧ್ಯಾಯಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದರ ಬಲದಿಂದಲೇ ನಿಂತಿದೆ. ಮೂರು ಸಲ ಕರಡು ತಿದ್ದಿದ ಗೆಳೆಯನಿಗೂ ವಂದನೆಗಳು.

ಇನ್ನು ನನ್ನ ಹೆಂಡತಿ. ಎರಡು ವರ್ಷ ಅವಳೊಬ್ಬಳ ಸಂಬಳದಲ್ಲಿ ಮನೆ ನಡೆಯಿತು. "ಪುಸ್ತಕ ಮುಗಿಯಲಿ, ಆಮೇಲೆ ಕೆಲಸ ಹುಡುಕಿದರಾಯಿತು" ಎಂದವಳು ಅವಳು. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ಶೈರರ್ ಅವರ ಪತ್ನಿ ಟೆಸ್, ಹೆರಿಗೆಯ ತೊಡಕಿನಿಂದ ವಿಯೆನ್ನಾದ ಆಸ್ಪತ್ರೆಯಲ್ಲಿದ್ದರು. ಸುದ್ದಿಯನ್ನು ತಡೆಯಿಲ್ಲದೆ ಬಿತ್ತರಿಸಲು ಶೈರರ್ ಲಂಡನ್‌ಗೆ ಹಾರಿದರು. ನಾನು ಆ ಹಾರಾಟವನ್ನು ನಾಲ್ಕು ಪುಟ ಬರೆದಿದ್ದೆ. ಕರಡು ಓದಿದ ಇವಳು, "ಆಸ್ಪತ್ರೆಯಲ್ಲಿ ಉಳಿದವಳಿಗೆ ಎರಡೇ ಸಾಲೇ?" ಎಂದು ಕೇಳಿದಳು. ಆ ಅಧ್ಯಾಯವನ್ನು ಹರಿದು, ಮೊದಲಿನಿಂದ ಬರೆದೆ. ಓದುಗರು ಹೆಚ್ಚು ಮೆಚ್ಚಿ ಪತ್ರ ಬರೆದಿರುವುದು ಅದೇ ಅಧ್ಯಾಯಕ್ಕೆ. ಆ ಮೆಚ್ಚುಗೆ ಅವಳಿಗೆ ಸಲ್ಲಬೇಕು.

ಕೊನೆಯದಾಗಿ, ನಿವೃತ್ತ ಇತಿಹಾಸ ಮೇಷ್ಟರೊಬ್ಬರಿಗೆ. ಕಾಂಪಿಯೆನ್‌ನಲ್ಲಿ ಹಿಟ್ಲರ್ ಬೇಕೆಂದೇ ಆರಿಸಿಕೊಂಡದ್ದು ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತು ಸಹಿ ಹಾಕಿದ್ದ ಅದೇ ರೈಲುಬೋಗಿಯನ್ನು. ಆ ಸಹಿಯ ವರ್ಷವನ್ನು ನಾನು 1919 ಎಂದು ಬರೆದಿದ್ದೆ. ಮೇಷ್ಟರು ಅಂಚೆ ಕಾರ್ಡಿನಲ್ಲಿ, ಒಂದೂ ಗಡುಸು ಮಾತಿಲ್ಲದೆ, "1918, ನವೆಂಬರ್ 11" ಎಂದು ತಿಳಿಸಿದರು. ತಿದ್ದುಪಡಿಗಳ ಪಟ್ಟಿಯನ್ನು ನಿನ್ನೆ ಪ್ರಕಾಶಕರಿಗೆ ಕಳಿಸಿದ್ದೇನೆ. ಅದರ ಮೊದಲ ಸಾಲು ಅವರದು.